ಇನಿಟ್‌ಗೆ ಇನ್ನೂ ಗೊತ್ತಿಲ್ಲದ ಸಂಗತಿಗಳು

ಲಿನಕ್ಸ್ ಬಳಸುವವರೆಲ್ಲ ಒಮ್ಮೆಯಾದರೂ ಇದನ್ನು ಅನುಭವಿಸಿರುತ್ತಾರೆ. ಶಟ್‌ಡೌನ್ ಒತ್ತಿರುತ್ತೀರಿ. ಬಸ್ಸಿಗೆ ಹೊತ್ತಾಗಿರುತ್ತದೆ. ಸ್ಕ್ರೀನ್ ಕಪ್ಪಗಾಗಿ, ಕೆಂಪು ಚುಕ್ಕಿಗಳು ಅತ್ತಿಂದಿತ್ತ ಓಡಾಡತೊಡಗುತ್ತವೆ. ಪಕ್ಕದಲ್ಲಿ ‘ಎ ಸ್ಟಾಪ್ ಜಾಬ್ ಈಸ್ ರನ್ನಿಂಗ್’ ಅಂತ ಒಂದು ಸಾಲು, ಕೊನೆಗೆ 1 ನಿಮಿಷ 30 ಸೆಕೆಂಡಿನ ಗಡುವು. ಲ್ಯಾಪ್‌ಟಾಪ್ ಬ್ಯಾಗಿಗೆ ಹಾಕುವ ಹಾಗಿಲ್ಲ, ಪವರ್ ಬಟನ್ ಅದುಮಿ ಹಿಡಿಯಲು ಮನಸ್ಸಿಲ್ಲ. ಸುಮ್ನೆ ನಿಂತು ನೋಡಬೇಕು.

ಈ 90 ಸೆಕೆಂಡು ಯಾರ ಲೆಕ್ಕ? ನಿಜ ಹೇಳಬೇಕೆಂದರೆ ಅದೊಂದು ಅಂದಾಜು, ಅಷ್ಟೇ. ಮೆಷಿನ್‌ನಲ್ಲಿ ಉಳಿದ ಪ್ರೋಗ್ರಾಮ್‌ಗಳನ್ನು ಶುರು ಮಾಡಿ, ನಿಲ್ಲಿಸುವ ಯಜಮಾನ ಪ್ರೋಗ್ರಾಮಿಗೆ ಇನಿಟ್ ಎನ್ನುತ್ತಾರೆ. ಸಿಸ್ಟಮ್‌ಡಿ ಅಂಥದ್ದೊಂದು ಇನಿಟ್. ಅದು ಒಂದು ಸರ್ವಿಸ್‌ಗೆ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಮಿಗೆ) ನಿಲ್ಲು ಎಂದು ಸಿಗ್‌ಟರ್ಮ್ ಎಂಬ ಸಿಗ್ನಲ್ ಕಳಿಸುತ್ತದೆ. ಅದು ನಿಲ್ಲದಿದ್ದರೆ ಕಾಯುತ್ತದೆ. ಗಡುವು ಮುಗಿದರೆ ತಪ್ಪಿಸಿಕೊಳ್ಳಲಾಗದ ಸಿಗ್‌ಕಿಲ್ ಕಳಿಸಿ ಕಥೆ ಮುಗಿಸುತ್ತದೆ. ಡೇಟಾಬೇಸ್ ಒಂದು ನಿಜವಾಗಿ ಡಿಸ್ಕಿಗೆ ಬರೆಯುತ್ತ ಕುಳಿತಿದ್ದರೂ 90 ಸೆಕೆಂಡು. ಯಾವುದೋ ಡೆಸ್ಕ್‌ಟಾಪ್ ಪ್ರೋಗ್ರಾಮ್ ಏನೂ ಮಾಡದೆ ಸಿಕ್ಕಿಹಾಕಿಕೊಂಡಿದ್ದರೂ 90 ಸೆಕೆಂಡು. ಯಾರು ದುಡಿಯುತ್ತಿದ್ದಾರೆ, ಯಾರು ಕೈಕಟ್ಟಿ ಕೂತಿದ್ದಾರೆ ಅನ್ನುವುದು ಇನಿಟ್‌ಗೆ ಗೊತ್ತಾಗುವುದಿಲ್ಲ.

ಫೆಡೋರಾ ಎಂಬ ಡಿಸ್ಟ್ರೋದವರು (ಡಿಸ್ಟ್ರೋ ಅಂದರೆ ಲಿನಕ್ಸ್‌ನ ಒಂದು ಸಿದ್ಧ ರೂಪ) ಇದನ್ನು ಸರಿಮಾಡಲು ಹೊರಟರು. 15 ಸೆಕೆಂಡು ಸಾಕು ಎಂದು ಪ್ರಸ್ತಾಪ ಬಂತು. ನಿಧಾನವಾಗಿ ನಿಲ್ಲುವ ಸರ್ವಿಸ್‌ಗಳ ಗತಿ ಏನು ಎಂಬ ಪ್ರಶ್ನೆ ಎದ್ದಿತು. ಚೌಕಾಸಿ ನಡೆದು ಕೊನೆಗೆ 45ಕ್ಕೆ ನಿಂತಿತು. 2023ರ ಏಪ್ರಿಲ್‌ನಲ್ಲಿ ಬಂದ ಫೆಡೋರಾ 38ರಲ್ಲಿ ಅದೇ ಡೀಫಾಲ್ಟ್. ಒಳ್ಳೆಯದೇ ಆಯಿತು, ನನ್ನ ಅರ್ಧ ಕಾಯುವಿಕೆ ಕಡಿಮೆಯಾಯಿತು. ಆದರೆ ಅಂದಾಜು ಅಂದಾಜಾಗಿಯೇ ಉಳಿಯಿತು, ಅಲ್ವಾ? ಸಂಖ್ಯೆ ಮಾತ್ರ ಬದಲಾಯಿತು.

ಇನಿಟ್ ಸಿಸ್ಟಮ್‌ಗಳಲ್ಲಿ ಮುಂದೆ ಏನು ಸುಧಾರಿಸಬೇಕು ಎಂದು ಯೋಚಿಸುವಾಗ ನಾನು ಹುಡುಕುವುದು ಇಂಥ ಜಾಗಗಳನ್ನೇ. ಯಾವ ಹೊಸ ಫೀಚರ್ ಸೇರಿಸಬೇಕು ಅನ್ನುವುದು ಆಮೇಲಿನ ಮಾತು. ಎಲ್ಲೆಲ್ಲಿ ಇನಿಟ್ ಗೊತ್ತಿಲ್ಲದೆ ಅಂದಾಜಿನ ಮೇಲೆ ನಡೆಯುತ್ತಿದೆ, ಆ ಪಟ್ಟಿ ಮೊದಲು ಬೇಕು.

ಇನಿಟ್ ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಶುರು ಮಾಡುವ ಮೊದಲ ಪ್ರೋಗ್ರಾಮ್. ಅದರ ಪಿಐಡಿ, ಅಂದರೆ ಪ್ರೊಸೆಸ್ ನಂಬರ್, 1. ಉಳಿದೆಲ್ಲ ಅದರ ಮಕ್ಕಳು, ಮೊಮ್ಮಕ್ಕಳು. ಅಪ್ಪ ಸತ್ತ ಪ್ರೊಸೆಸ್‌ಗಳನ್ನು ಸಾಮಾನ್ಯವಾಗಿ ಸಾಕಿಕೊಳ್ಳುವುದೂ ಅದೇ. ಅದು ಸತ್ತರೆ ಕರ್ನಲ್ ಪ್ಯಾನಿಕ್ ಆಗಿ ಇಡೀ ಮೆಷಿನ್ ನಿಲ್ಲುತ್ತದೆ. ಯಾವ ಸರ್ವಿಸ್ ಬದುಕಿದೆ, ಯಾವುದು ಸತ್ತಿದೆ ಅಂತ ಇಷ್ಟು ದೊಡ್ಡ ಯಜಮಾನನಿಗೆ ದಶಕಗಳ ಕಾಲ ಸರಿಯಾಗಿ ಗೊತ್ತಿರಲಿಲ್ಲ ಅಂದರೆ ಹೊಸಬರು ನಂಬುವುದಿಲ್ಲ.

ಸಿಸ್ಟಮ್‌ಡಿಗಿಂತ ಮೊದಲಿನ, ಹಳೆಯ ಸಿಸ್ಟಮ್ ಫೈವ್ ಶೈಲಿಯ ಇನಿಟ್ ಸ್ಕ್ರಿಪ್ಟ್‌ಗಳನ್ನು ಬಳಸಿದವರಿಗೆ ಪಿಐಡಿ ಫೈಲ್ ನೆನಪಿರುತ್ತದೆ. ಡೀಮನ್ (ಹಿನ್ನೆಲೆಯಲ್ಲಿ ಓಡುವ ಸರ್ವಿಸ್) ಶುರುವಾದ ಕೂಡಲೇ ಎರಡು ಸಲ ಫೋರ್ಕ್ ಮಾಡಿ, ಅಂದರೆ ತನ್ನದೇ ನಕಲನ್ನು ಮಗುವಾಗಿ ಹುಟ್ಟಿಸಿ, ತನ್ನನ್ನು ಶುರು ಮಾಡಿದವರಿಂದ ತಪ್ಪಿಸಿಕೊಂಡು ಹಿನ್ನೆಲೆಗೆ ಹೋಗುತ್ತಿತ್ತು. ಹೋಗುವಾಗ ತನ್ನ ನಂಬರನ್ನು ಒಂದು ಫೈಲಿನಲ್ಲಿ ಬರೆದಿಟ್ಟು ಹೋಗುತ್ತಿತ್ತು. ನಿಲ್ಲಿಸಬೇಕಾದಾಗ ಸ್ಕ್ರಿಪ್ಟ್ ಆ ಫೈಲ್ ಓದಿ, ಆ ನಂಬರಿಗೆ ಸಿಗ್ನಲ್ ಕಳಿಸುತ್ತಿತ್ತು. ಈಗ ಡೀಮನ್ ಕ್ರ್ಯಾಶ್ ಆಗಿದೆ ಅಂದುಕೊಳ್ಳಿ. ಫೈಲ್ ಹಾಗೇ ಇದೆ. ಲಿನಕ್ಸ್‌ನಲ್ಲಿ ಪಿಐಡಿಗಳ ಹಳೆಯ ಮಿತಿ 32768. ಬಿಡುವಿಲ್ಲದ ಸರ್ವರ್‌ನಲ್ಲಿ ಸಂಖ್ಯೆಗಳು ಬೇಗ ಸುತ್ತಿ ಬರುತ್ತವೆ. ಅದೇ ನಂಬರ್ ಈಗ ಬೇರೆ ಯಾವುದೋ ಪಾಪದ ಪ್ರೊಸೆಸ್‌ಗೆ ಸಿಕ್ಕಿದೆ. ಸ್ಟಾಪ್ ಎಂದರೆ ಸಾಯುವುದು ಅದು. ಸ್ಟೇಟಸ್ ಎಂದು ಕೇಳಿದರೆ ‘ಓಡುತ್ತಿದೆ’ ಎಂಬ ಉತ್ತರ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದ ಹಾಗಿತ್ತು ಆ ವ್ಯವಸ್ಥೆ.

ತಮಾಷೆ ಏನೆಂದರೆ ಉತ್ತರ ಯೂನಿಕ್ಸ್‌ನ ಒಳಗೇ ಇತ್ತು. ಮಗು ಸತ್ತರೆ ಅಪ್ಪನಿಗೆ ಕರ್ನಲ್ ತಾನಾಗಿ ತಿಳಿಸುತ್ತದೆ. ಅಪ್ಪ ವೇಟ್ ಮಾಡಿ ವಿಚಾರಿಸಿಕೊಳ್ಳುವ ತನಕ ಆ ನಂಬರ್ ಬೇರೆಯವರಿಗೆ ಹೋಗುವುದೂ ಇಲ್ಲ. ಹಾಗಿದ್ದರೆ ಡೀಮನ್ ತಪ್ಪಿಸಿಕೊಂಡು ಹೋಗುವುದೇ ಬೇಡ, ಮುನ್ನೆಲೆಯಲ್ಲೇ ಓಡಲಿ, ಅದರ ಅಪ್ಪನಾಗಿ ಒಂದು ಚಿಕ್ಕ ಪ್ರೋಗ್ರಾಮ್ ಕಾವಲು ಕೂರಲಿ. ಡಿ. ಜೆ. ಬರ್ನ್‌ಸ್ಟೈನ್ ಅವರ ಡೀಮನ್‌ಟೂಲ್ಸ್ ಮಾಡಿದ್ದು ಇದನ್ನೇ. ಆಮೇಲೆ ಬಂದ ಗೆರಿಟ್ ಪೇಪ್ ಅವರ ರನಿಟ್, ಲೋರಾಂ ಬೆರ್ಕೊ ಅವರ ಎಸ್6, ಎಲ್ಲ ಇದೇ ಮನೆತನ. ವಾಯ್ಡ್ ಲಿನಕ್ಸ್ ಇವತ್ತಿಗೂ ರನಿಟ್ ಮೇಲೇ ನಡೆಯುತ್ತದೆ.

ನಡುವೆ ಉಬುಂಟು ಅಪ್‌ಸ್ಟಾರ್ಟ್ ಎಂಬ ಇನಿಟ್ ತಂದಿತು, 2006ರಲ್ಲಿ. ಫೋರ್ಕ್ ಮಾಡಿ ಓಡುವ ಡೀಮನ್‌ಗಳನ್ನು ಹಿಡಿಯಲು ಅದಕ್ಕೊಂದು ಉಪಾಯ ಇತ್ತು. ಡೀಬಗರ್‌ಗಳು ಬಳಸುವ ಪಿಟ್ರೇಸ್ ಹಿಡಿದು ಫೋರ್ಕ್‌ಗಳನ್ನು ಎಣಿಸುವುದು. ಒಂದು ಸಲವೋ ಎರಡು ಸಲವೋ ಎಂದು ನಾವು ಮೊದಲೇ ಬರೆದು ಕೊಡಬೇಕಿತ್ತು. ಎಣಿಕೆ ತಪ್ಪಿದರೆ ಮುಗಿಯಿತು. ಯಾವತ್ತೋ ಸತ್ತುಹೋದ ಪಿಐಡಿಯನ್ನು ಕಾಯುತ್ತ ಅಪ್‌ಸ್ಟಾರ್ಟ್ ಕೂತುಬಿಡುತ್ತಿತ್ತು. ಸ್ಟಾರ್ಟ್ ಇಲ್ಲ, ಸ್ಟಾಪ್ ಇಲ್ಲ, ಟೈಪ್ ಮಾಡಿದ ಕಮಾಂಡ್ ಅಲ್ಲೇ ಸ್ತಬ್ಧ. ರೀಬೂಟ್ ಮಾಡಲು ಆಗದವರು ಒಂದು ವಿಚಿತ್ರ ಮದ್ದು ಕಂಡುಕೊಂಡರು. ಸಾವಿರಾರು ಪ್ರೊಸೆಸ್ ಹುಟ್ಟಿಸಿ ಸಾಯಿಸಿ, ನಂಬರ್‌ಗಳನ್ನು ಒಂದು ಸುತ್ತು ಹೊಡೆಸಿ, ಆ ಸತ್ತ ಪಿಐಡಿ ಮತ್ತೆ ಹುಟ್ಟಿ ಸಾಯುವಂತೆ ಮಾಡುವ ಸ್ಕ್ರಿಪ್ಟ್! ಓದಿ ನಗಬೇಕೋ ಅಳಬೇಕೋ ತಿಳಿಯದು.

ಈ ಒಂದು ಅಂದಾಜು ಮಾತ್ರ ಲಿನಕ್ಸ್‌ನಲ್ಲಿ ಈಗ ಹೆಚ್ಚುಕಡಿಮೆ ಹೋಗಿದೆ. 2008ರಲ್ಲಿ ಕರ್ನಲ್ 2.6.24, ಪ್ರೊಸೆಸ್‌ಗಳನ್ನು ಗುಂಪು ಕಟ್ಟಿ ಇಡುವ ಸಿಗ್ರೂಪ್ ತಂದಿತು. 2010ರಲ್ಲಿ ಲೆನಾರ್ಟ್ ಪೊಯೆಟರಿಂಗ್ ಮತ್ತು ಕೇ ಸೀವರ್ಸ್ ಶುರು ಮಾಡಿದ ಸಿಸ್ಟಮ್‌ಡಿ ಅದನ್ನು ಚೆನ್ನಾಗಿ ಬಳಸಿಕೊಂಡಿತು. ಡೀಮನ್ ಎಷ್ಟು ಸಲ ಫೋರ್ಕ್ ಮಾಡಿದರೂ ತನ್ನ ಗುಂಪಿನಿಂದ ಹೊರಗೆ ಹೋಗಲಾರದು. ಆಮೇಲೆ ಕರ್ನಲ್ 5.1 ಮತ್ತು 5.3ರಲ್ಲಿ ಪಿಐಡಿಎಫ್‌ಡಿ ಬಂತು. ನಂಬರಿನ ಬದಲು ಪ್ರೊಸೆಸ್‌ನ ಕೈಯನ್ನೇ ಹಿಡಿದಿಟ್ಟುಕೊಳ್ಳಬಹುದು. ಯೂನಿಕ್ಸ್ ಮನೆತನದ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಆದ ಫ್ರೀಬಿಎಸ್‌ಡಿಯಲ್ಲಿ ಇಂಥವೇ ಪ್ರೊಸೆಸ್ ಡಿಸ್ಕ್ರಿಪ್ಟರ್‌ಗಳು 9.0ರಿಂದಲೇ ಇದ್ದವು ಅನ್ನುವುದನ್ನು ಲಿನಕ್ಸ್ ಮಂದಿ ಸ್ವಲ್ಪ ಮರೆಯುತ್ತಾರೆ. 5.14ರಲ್ಲಿ ಒಂದು ಫೈಲಿಗೆ 1 ಎಂದು ಬರೆದರೆ ಇಡೀ ಸಿಗ್ರೂಪ್ ಸಾಯುವ ಸೌಲಭ್ಯ ಸೇರಿತು. ಕರ್ನಲ್ ಕೈ ಜೋಡಿಸದೆ ಇದ್ಯಾವುದೂ ಆಗುತ್ತಿರಲಿಲ್ಲ. ಇನಿಟ್‌ನ ಮುಂದಿನ ಯೋಜನೆ ಹಾಕುವವರು ಇನಿಟ್‌ನ ಕೋಡ್ ಮಾತ್ರ ನೋಡುತ್ತ ಕುಳಿತರೆ ಸಾಲದು ಎಂದು ನನಗನ್ನಿಸುವುದು ಇದಕ್ಕೇ.

ಬದುಕಿದೆಯಾ ಅನ್ನುವ ಪ್ರಶ್ನೆ ಮುಗಿಯಿತು. ತಯಾರಾಗಿದೆಯಾ? ಇದು ಇನ್ನೂ ಮುಗಿದಿಲ್ಲ.

ನಾನು ಮೊದಲು ಕೆಲಸ ಮಾಡಿದ ಒಂದು ಕಡೆ, ಅಪ್ಲಿಕೇಶನ್‌ನ ಯೂನಿಟ್ ಫೈಲಿನಲ್ಲಿ (ಸರ್ವಿಸ್ ಹೇಗೆ ಓಡಿಸಬೇಕು ಎಂದು ಸಿಸ್ಟಮ್‌ಡಿಗೆ ಹೇಳುವ ಫೈಲ್) ‘ಸ್ಲೀಪ್ 30’, ಅಂದರೆ 30 ಸೆಕೆಂಡು ಸುಮ್ಮನಿರು, ಎಂಬ ಸಾಲಿತ್ತು. ಯಾಕೆ ಎಂದು ಕೇಳಿದರೆ ‘ಡೇಟಾಬೇಸ್ ಏಳುವುದಕ್ಕೆ ಟೈಮ್ ಬೇಕು’ ಎಂದರು. ಸ್ಲೀಪ್ 20 ಇದ್ದಾಗ ಕೆಲವೊಮ್ಮೆ ಎಡವುತ್ತಿತ್ತಂತೆ, ಅದಕ್ಕೆ 30 ಮಾಡಿದರಂತೆ. ನಿಮ್ಮ ಆಫೀಸಿನ ಸರ್ವರ್‌ಗಳಲ್ಲಿ ಈಗಲೇ ಹುಡುಕಿ ನೋಡಿ, ಒಂದಾದರೂ ಸಿಗುತ್ತದೆ. ಇನ್ನು ‘ನೆಟ್‌ವರ್ಕ್ ಟಾರ್ಗೆಟ್’ ಆದಮೇಲೆ ಶುರು ಮಾಡು ಎಂದು ಬರೆದು, ನೆಟ್‌ವರ್ಕ್ ಬಂದಿಲ್ಲವಲ್ಲ ಎಂದು ತಲೆ ಚಚ್ಚಿಕೊಳ್ಳುವವರ ದೊಡ್ಡ ದಂಡೇ ಇದೆ. ಆ ಟಾರ್ಗೆಟ್‌ಗೆ ನೆಟ್‌ವರ್ಕ್ ಬಂದಿದೆ ಎಂಬ ಅರ್ಥವೇ ಇಲ್ಲ. ನೆಟ್‌ವರ್ಕ್ ನೋಡಿಕೊಳ್ಳುವ ಪ್ರೋಗ್ರಾಮ್ ಶುರುವಾಗಿದೆ ಎಂದಷ್ಟೇ. ಬಂದಿದೆ ಎನ್ನಲು ‘ನೆಟ್‌ವರ್ಕ್-ಆನ್‌ಲೈನ್’ ಎಂಬ ಇನ್ನೊಂದಿದೆ. ಅದಕ್ಕೂ ಯಾವ ಇಂಟರ್‌ಫೇಸ್, ಯಾವ ವಿಳಾಸ ಎಂದೆಲ್ಲ ಖಚಿತವಾಗಿ ಗೊತ್ತಿರಬೇಕೆಂದಿಲ್ಲ.

ಪ್ರೊಸೆಸ್ ಶುರುವಾಗುವುದು ಒಂದು ಗಳಿಗೆ, ಅದು ಗಿರಾಕಿಗೆ ಉತ್ತರ ಕೊಡಲು ತಯಾರಾಗುವುದು ಇನ್ನೊಂದು ಗಳಿಗೆ. ನಡುವಿನ ಸಮಯ ಎಷ್ಟು ಎಂದು ಆ ಸರ್ವಿಸ್‌ಗೆ ಮಾತ್ರ ಗೊತ್ತು. ಹಾಗಾಗಿ ಅದೇ ಬಾಯಿಬಿಟ್ಟು ಹೇಳಬೇಕು. ಸಿಸ್ಟಮ್‌ಡಿಯಲ್ಲಿ ಇದಕ್ಕೆ ಒಂದು ಸಾಕೆಟ್ (ಪ್ರೋಗ್ರಾಮ್‌ಗಳು ಸಂದೇಶ ಕಳಿಸುವ ಕಿಂಡಿ) ಇದೆ. ಸರ್ವಿಸ್ ಅದಕ್ಕೆ ‘ರೆಡಿ=1’ ಎಂದು ಕಳಿಸಿದರೆ ಆಯಿತು. ಎಸ್6 ಇನ್ನೂ ಸರಳ. ಮೊದಲೇ ಗೊತ್ತುಮಾಡಿದ ಫೈಲ್ ಡಿಸ್ಕ್ರಿಪ್ಟರ್‌ಗೆ ಒಂದು ಹೊಸ ಸಾಲಿನ ಅಕ್ಷರ ಬರೆದರೆ ಸಾಕು. ಡೇವಿನ್ ಮೆಕಾಲ್ ಅವರ ಡಿನಿಟ್ ಎಂಬ ಇನಿಟ್‌ನಲ್ಲೂ ಪೈಪ್ ಮೂಲಕ ಹೇಳುವ ಇಂಥದೇ ದಾರಿ ಇದೆ. ಚಿಮೇರಾ ಲಿನಕ್ಸ್ ಬಳಸುವುದು ಇದನ್ನೇ.

ಈ ಪುಟ್ಟ ‘ರೆಡಿ=1’ ಹಿಂದೆ 2024ರಲ್ಲಿ ಭಾರಿ ಗಂಡಾಂತರ ಬಂದು ಹೋಯಿತು. ಎಕ್ಸ್‌ಝಡ್ ಎಂಬ ಕಂಪ್ರೆಶನ್ ಲೈಬ್ರರಿಯಲ್ಲಿ ಗುಟ್ಟಾಗಿ ಸೇರಿಸಿದ್ದ ಹಿಂಬಾಗಿಲಿನ ಸುದ್ದಿ ನೀವು ಓದಿರುತ್ತೀರಿ. ಪೋಸ್ಟ್‌ಗ್ರೆಸ್ ಡೆವಲಪರ್ ಆಂಡ್ರೆಸ್ ಫ್ರಾಯಿಂಡ್, ಎಸ್‌ಎಸ್‌ಎಚ್ (ದೂರದ ಮೆಷಿನ್ ಒಳಗೆ ಹೋಗುವ ದಾರಿ) ಲಾಗಿನ್ ಅರ್ಧ ಸೆಕೆಂಡಿನಷ್ಟು ನಿಧಾನ ಆಗಿದ್ದನ್ನು ಬೆನ್ನುಹತ್ತಿ ಮಾರ್ಚ್ 29ರಂದು ಬಯಲಿಗೆಳೆದರು. ಎಲ್ಲರೂ ಆ ಕೋಡ್ ಸೇರಿಸಿದವರ ಬಗ್ಗೆ ಮಾತಾಡಿದರು. ಸರಿಯೇ. ಆದರೆ ಕಂಪ್ರೆಶನ್ ಲೈಬ್ರರಿಯಲ್ಲಿ ಇಟ್ಟ ವಿಷ ಎಸ್‌ಎಸ್‌ಎಚ್ ಡೀಮನ್‌ನ ಒಳಗೆ ಹೇಗೆ ಬಂತು? ಓಪನ್‌ಎಸ್‌ಎಸ್‌ಎಚ್ ತಾನಾಗಿ ಆ ಲೈಬ್ರರಿ ಬಳಸುವುದಿಲ್ಲ. ಡೆಬಿಯನ್, ಫೆಡೋರಾದಂಥ ಡಿಸ್ಟ್ರೋಗಳು ‘ನಾನು ರೆಡಿ’ ಎಂದು ಹೇಳಿಸುವುದಕ್ಕಾಗಿ ಅದಕ್ಕೆ ಸಿಸ್ಟಮ್‌ಡಿಯ ಲೈಬ್ರರಿ ಅಂಟಿಸಿದ್ದವು. ಆ ಲೈಬ್ರರಿ ಲಾಗ್ ಫೈಲ್‌ಗಳ ಕೆಲಸಕ್ಕೆಂದು ಕಂಪ್ರೆಶನ್ ಲೈಬ್ರರಿಯನ್ನು ಜೊತೆಗೆ ಎಳೆದು ತರುತ್ತಿತ್ತು. ಕೆಲವೇ ಅಕ್ಷರಗಳ ಸಂದೇಶ ಕಳಿಸಲು ಇಷ್ಟು ದೊಡ್ಡ ಮೆರವಣಿಗೆ.

ಸಿಸ್ಟಮ್‌ಡಿ ಮಂದಿ ಆ ಹೊತ್ತಿಗಾಗಲೇ ಅಂಥ ಲೈಬ್ರರಿಗಳನ್ನು ಬೇಕಾದಾಗ ಮಾತ್ರ ಲೋಡ್ ಮಾಡುವ ಕಡೆಗೆ ಹೊರಟಿದ್ದರು ಎಂಬುದನ್ನೂ ಹೇಳಬೇಕು. ಅದೇ ವರ್ಷ ಜುಲೈನಲ್ಲಿ ಓಪನ್‌ಎಸ್‌ಎಸ್‌ಎಚ್ 9.8 ಬಂದಾಗ, ಸಂದೇಶ ಕಳಿಸುವ ಕೋಡನ್ನು ಓಪನ್‌ಎಸ್‌ಎಸ್‌ಎಚ್‌ನವರೇ ಬರೆದು ಸೇರಿಸಿದ್ದರು. ಯಾವ ಲೈಬ್ರರಿಯೂ ಬೇಕಾಗಲಿಲ್ಲ. ಸಿಸ್ಟಮ್‌ಡಿಯ ಮ್ಯಾನ್ ಪೇಜಿನಲ್ಲಿ ಈಗ ಹಾಗೆ ಮಾಡುವುದು ಹೇಗೆಂಬ ಉದಾಹರಣೆ ಕೋಡ್ ಕೂಡ ಇದೆ.

ನನ್ನ ಕೈಯಲ್ಲಿ ಯೋಜನೆಯ ಪಟ್ಟಿ ಇದ್ದರೆ ಇಲ್ಲಿ ಒಂದು ಗೆರೆ ಎಳೆಯುತ್ತಿದ್ದೆ. ಇನಿಟ್ ಮತ್ತು ಸರ್ವಿಸ್ ನಡುವಿನ ಮಾತು ಯಾವ ಭಾಷೆಯಲ್ಲಾದರೂ ಹತ್ತಿಪ್ಪತ್ತು ಸಾಲಿನಲ್ಲಿ ಬರೆಯುವಷ್ಟು ಸಣ್ಣದಿರಬೇಕು, ಲೈಬ್ರರಿ ಬೇಕೇಬೇಕು ಎನ್ನುವ ಹಾಗಿರಬಾರದು. ಎಲ್ಲ ಇನಿಟ್‌ಗಳೂ ಅದೇ ಮಾತನ್ನು ಅರ್ಥ ಮಾಡಿಕೊಂಡರೆ ಇನ್ನೂ ಒಳ್ಳೆಯದು. ಈಗ ಡೀಮನ್ ಬರೆಯುವವರು ಸಾಕೆಟ್‌ಗೂ ಹೇಳಬೇಕು, ಪೈಪಿಗೂ ಹೇಳಬೇಕು. ಬೇಸರವಾಗಿ ಹೆಚ್ಚಿನವರು ಯಾವುದಕ್ಕೂ ಹೇಳುವುದಿಲ್ಲ. ಆಗ ಸ್ಲೀಪ್ 30.

ಮೊದಲು ಹೇಳಿದ 90 ಸೆಕೆಂಡಿಗೂ ಮದ್ದು ಇದೇ ಸಾಕೆಟ್ಟಿನಲ್ಲಿದೆ. ‘ಇನ್ನೂ ಕೆಲಸ ನಡೆದಿದೆ, ಇಷ್ಟು ಹೊತ್ತು ಕೊಡಿ’ ಎಂದು ಸರ್ವಿಸ್ ಕೇಳಿಕೊಳ್ಳಬಹುದು. ಮರಿಯಾಡಿಬಿ ಹಾಗೆ ಕೇಳುತ್ತದೆ. ದುಡಿಯುವವರೆಲ್ಲ ಹೀಗೆ ಬಾಯಿಬಿಟ್ಟು ಕೇಳಿದರೆ, ಕೇಳದವರ ಗಡುವನ್ನು ಧೈರ್ಯವಾಗಿ 10 ಸೆಕೆಂಡಿಗೆ ಇಳಿಸಬಹುದು. ಕೇಳುವವರು ತೀರಾ ಕಡಿಮೆ ಇರುವುದರಿಂದಲೇ ಫೆಡೋರಾದವರು ಚೌಕಾಸಿ ಮಾಡಬೇಕಾಯಿತು.

ಇನ್ನು ಬಿದ್ದವರನ್ನು ಎಬ್ಬಿಸುವ ವಿಚಾರ. ಸಿಸ್ಟಮ್‌ಡಿಯಲ್ಲಿ ರೀಸ್ಟಾರ್ಟ್ ಬೇಕು ಎಂದಷ್ಟೇ ಬರೆದು, ಉಳಿದದ್ದನ್ನು ಡೀಫಾಲ್ಟ್‌ಗೆ ಬಿಟ್ಟಿದ್ದೀರಿ ಅಂದುಕೊಳ್ಳಿ. ಬಿದ್ದ 100 ಮಿಲಿಸೆಕೆಂಡಿಗೆ ಮತ್ತೆ ಎಬ್ಬಿಸುತ್ತದೆ. 10 ಸೆಕೆಂಡಿನೊಳಗೆ 5 ಸಲ ಶುರುವಾಗಿ ಬಿದ್ದರೆ ಕೈಬಿಡುತ್ತದೆ. ಕೇಳಲು ಸರಿಯಾಗಿದೆ. ಈಗ ಡೇಟಾಬೇಸ್ ಅಪ್‌ಗ್ರೇಡ್‌ಗಾಗಿ ಎರಡು ನಿಮಿಷ ಇಲ್ಲ. ಡೇಟಾಬೇಸ್ ಸಿಗದ ಕೂಡಲೇ ನಿಮ್ಮ ಆ್ಯಪ್ ಬೀಳುತ್ತದೆ, ಏಳುತ್ತದೆ, ಬೀಳುತ್ತದೆ. ಒಂದೆರಡು ಸೆಕೆಂಡಿನಲ್ಲಿ ಐದೂ ಅವಕಾಶ ಖಾಲಿ. ಎರಡು ನಿಮಿಷದ ನಂತರ ಡೇಟಾಬೇಸ್ ನಗುನಗುತ್ತ ಬಂದಾಗ ಆ್ಯಪ್ ಸತ್ತು ಮಲಗಿರುತ್ತದೆ, ಯಾರಾದರೂ ಮನುಷ್ಯರು ಬಂದು ಎಬ್ಬಿಸುವ ತನಕ. ಆ ಮನುಷ್ಯ ನಾನಾಗಿದ್ದ ರಾತ್ರಿಗಳುಂಟು.

2023ರ ಜುಲೈನಲ್ಲಿ ಬಂದ ಸಿಸ್ಟಮ್‌ಡಿಯ 254ನೇ ಆವೃತ್ತಿಯಲ್ಲಿ, ಎಬ್ಬಿಸುವ ಅಂತರವನ್ನು ಮೆಟ್ಟಿಲು ಮೆಟ್ಟಿಲಾಗಿ ಹೆಚ್ಚಿಸುವ ಸೆಟ್ಟಿಂಗ್ ಸೇರಿದೆ. ಮೊದಲು ಬೇಗ, ಆಮೇಲೆ ನಿಧಾನ, ಒಂದು ಮಿತಿಯ ತನಕ. ಇಷ್ಟು ಸಾದಾ ಸಂಗತಿ ಬರಲು ಹದಿಮೂರು ವರ್ಷ ಹಿಡಿಯಿತು ಅನ್ನುವುದು ನನಗೆ ಆಶ್ಚರ್ಯ. ಅಷ್ಟರಲ್ಲಿ ಎಷ್ಟು ಜನ ತಮ್ಮತಮ್ಮ ಶೆಲ್ ಸ್ಕ್ರಿಪ್ಟಿನಲ್ಲಿ ಇದನ್ನು ಬರೆದುಕೊಂಡಿದ್ದಾರೋ! ಮೆಟ್ಟಿಲು ಬಂದರೂ ಇದು ಅಂದಾಜೇ, ನಿಜ. ಯಾಕೆ ಬಿತ್ತು ಎಂದು ಇನಿಟ್‌ಗೆ ಗೊತ್ತಿದ್ದರೆ ಕಾಯುವ ರೀತಿಯೇ ಬೇರೆ ಇರುತ್ತಿತ್ತು. ಆದರೂ ಒಳ್ಳೆಯ ಅಂದಾಜು, ಕೆಟ್ಟ ಅಂದಾಜಿಗಿಂತ ಎಷ್ಟೋ ವಾಸಿ.

ನನಗೆ ಎಲ್ಲಕ್ಕಿಂತ ಜಾಸ್ತಿ ಕಿರಿಕಿರಿ ಮಾಡುವುದು ಬೂಟ್ ಆಗುವಾಗ ಇನಿಟ್ ತಾನೇ ತೀರ್ಮಾನ ತೆಗೆದುಕೊಳ್ಳುವುದು. ಎ ಆದಮೇಲೆ ಬಿ, ಬಿ ಆದಮೇಲೆ ಸಿ, ಸಿ ಆದಮೇಲೆ ಎ ಎಂದು ಯಾರೋ ತಿಳಿಯದೆ ಸುತ್ತು ಕಟ್ಟಿರುತ್ತಾರೆ. ಮೂರು ಪ್ಯಾಕೇಜುಗಳು, ಮೂರು ಬೇರೆ ಬೇರೆ ಜನ ಬರೆದದ್ದು. ಯಾರದೂ ತಪ್ಪಲ್ಲ. ಸಿಸ್ಟಮ್‌ಡಿ ಈ ಸುತ್ತನ್ನು ಬೂಟ್ ಹೊತ್ತಿನಲ್ಲಿ ಕಂಡು, ಒಂದು ಜಾಬ್ ಕಿತ್ತುಹಾಕಿ ಮುಂದೆ ಹೋಗುತ್ತದೆ. ಹಾಗೆ ಮಾಡಿದೆ ಎಂದು ಲಾಗಿನಲ್ಲಿ ಒಂದು ಸಾಲು ಬರೆಯುತ್ತದೆ. ಆ ಸಾಲನ್ನು ಯಾರು ಓದುತ್ತಾರೆ? ಮೆಷಿನ್ ಎದ್ದಿದೆ, ಎಲ್ಲ ಸರಿ ಇದ್ದ ಹಾಗಿದೆ, ಒಂದು ಸರ್ವಿಸ್ ಮಾತ್ರ ಇಲ್ಲ.

ಎಸ್6 ಮೇಲೆ ಕೂತು ಸರ್ವಿಸ್‌ಗಳ ಕ್ರಮ ನೋಡಿಕೊಳ್ಳುವ ಎಸ್6-ಆರ್‌ಸಿ ಇದನ್ನು ಬೇರೆ ರೀತಿ ಮಾಡುತ್ತದೆ. ಸರ್ವಿಸ್‌ಗಳ ವಿವರಣೆಯನ್ನೆಲ್ಲ ಮೊದಲೇ ಕಂಪೈಲ್ ಮಾಡಿ ಒಂದು ಡೇಟಾಬೇಸ್ ಮಾಡಿಡಬೇಕು. ಸುತ್ತು ಇದ್ದರೆ ಕಂಪೈಲ್ ಆಗುವುದೇ ಇಲ್ಲ. ಹಾಡಹಗಲಲ್ಲಿ, ನೀವು ಕೀಬೋರ್ಡ್ ಮುಂದೆ ಕೂತಿರುವಾಗಲೇ ಗೊತ್ತಾಗುತ್ತದೆ. ಓಡುತ್ತಿರುವ ಮೆಷಿನ್‌ನಲ್ಲಿ ಹಳೆಯ ಡೇಟಾಬೇಸ್‌ನಿಂದ ಹೊಸದಕ್ಕೆ ದಾಟಿಸಲು ಬೇರೊಂದು ಕಮಾಂಡ್ ಇದೆ. ಯಾವುದು ಉಳಿಯಬೇಕು, ಯಾವುದನ್ನು ನಿಲ್ಲಿಸಿ ಮತ್ತೆ ಶುರು ಮಾಡಬೇಕು ಎಂದು ಅದು ಲೆಕ್ಕ ಹಾಕುತ್ತದೆ. ನನ್ನ ಮಟ್ಟಿಗೆ ಈ ಕ್ಷೇತ್ರದ ಅತ್ಯುತ್ತಮ ಯೋಚನೆಗಳಲ್ಲಿ ಇದೊಂದು.

ಹಾಗಿದ್ದರೂ ಊರೆಲ್ಲ ಇದನ್ನೇ ಯಾಕೆ ಬಳಸುತ್ತಿಲ್ಲ? ಒಮ್ಮೆ ಕೂತು ಹೊಸ ಸರ್ವಿಸ್ ಸೇರಿಸಿ ನೋಡಿ, ತಿಳಿಯುತ್ತದೆ. ಒಂದು ಡೈರೆಕ್ಟರಿ, ಅದರೊಳಗೆ ಟೈಪ್ ಎಂಬ ಫೈಲ್, ರನ್ ಎಂಬ ಫೈಲ್, ಲಾಗ್‌ಗೆ ಇನ್ನೊಂದು ಡೈರೆಕ್ಟರಿ, ಆಮೇಲೆ ಕಂಪೈಲ್, ಆಮೇಲೆ ಅಪ್‌ಡೇಟ್. ಸಿಸ್ಟಮ್‌ಡಿಯಲ್ಲಿ ಎಂಟು ಸಾಲಿನ ಒಂದು ಫೈಲ್, ಎರಡು ಕಮಾಂಡ್. ಎಂಜಿನ್ ಗಟ್ಟಿ ಇದೆ, ಸ್ಟೀರಿಂಗ್ ಕೂರಿಸಿಲ್ಲ. ಬೆರ್ಕೊ ಅವರಿಗೇ ಇದು ಗೊತ್ತು. ಮೇಲೊಂದು ಸುಲಭದ ಮುಖ ಬೇಕು, ಡಿಸ್ಟ್ರೋ ನಡೆಸುವವರಿಗೂ ಸಾಮಾನ್ಯ ಬಳಕೆದಾರರಿಗೂ ಒಗ್ಗುವಂಥದ್ದು ಎಂದು ಬಹಳ ವರ್ಷಗಳಿಂದ ಹೇಳುತ್ತ ಬಂದಿದ್ದಾರೆ. ಎಂಜಿನ್ ಬರೆಯುವುದಕ್ಕಿಂತ ಅದು ಕಷ್ಟದ ಕೆಲಸ ಎಂದು ನನ್ನ ಅನಿಸಿಕೆ. ಎಂಜಿನ್‌ಗೆ ಸರಿ ತಪ್ಪು ಇದೆ. ಮುಖಕ್ಕೆ ಸಾವಿರ ಜನರ ಸಾವಿರ ಅಭ್ಯಾಸಗಳಿವೆ.

ಅಭ್ಯಾಸ ಮುಟ್ಟಿದರೆ ಏನಾಗುತ್ತದೆ ಎಂಬುದಕ್ಕೆ 2016ರ ಗಲಾಟೆ ಸಾಕ್ಷಿ. ಸಿಸ್ಟಮ್‌ಡಿ 230ರಲ್ಲಿ, ಬಳಕೆದಾರ ಲಾಗೌಟ್ ಆದರೆ ಅವನ ಪ್ರೊಸೆಸ್‌ಗಳನ್ನೆಲ್ಲ ಕೊಲ್ಲುವುದೇ ಡೀಫಾಲ್ಟ್ ಆಯಿತು. ಉದ್ದೇಶ ಕೆಟ್ಟದಾಗಿರಲಿಲ್ಲ. ಲಾಗೌಟ್ ಆದಮೇಲೂ ಉಳಿದು ಮೆಮೊರಿ ತಿನ್ನುವ ಡೆಸ್ಕ್‌ಟಾಪ್ ಕಸ ಬೇಕಾದಷ್ಟಿದೆ. ಆದರೆ ಟರ್ಮಿನಲ್ ಕೆಲಸವನ್ನು ಹಿನ್ನೆಲೆಯಲ್ಲಿ ಉಳಿಸುವ ಟಿಮಕ್ಸ್, ಸ್ಕ್ರೀನ್ ಎಂಬ ಪ್ರೋಗ್ರಾಮ್‌ಗಳನ್ನು ಬಳಸುವವರು ಲಾಗೌಟ್ ಆಗುವುದೇ ಕೆಲಸ ಮುಂದುವರಿಯಲಿ ಎಂದು. ಬೇಕೆಂದೇ ಬಿಟ್ಟುಹೋದದ್ದೋ, ಮರೆತು ಬಿಟ್ಟದ್ದೋ, ಇನಿಟ್‌ಗೆ ಗೊತ್ತಿಲ್ಲ. ಡೆಬಿಯನ್ ಆ ಡೀಫಾಲ್ಟನ್ನು ಹಿಂದಿನಂತೆ ಮಾಡಿಬಿಟ್ಟಿತು.

ಪಿಐಡಿ 1 ಚಿಕ್ಕದಿರಬೇಕೋ ದೊಡ್ಡದಿರಬೇಕೋ ಎಂಬ ಜಗಳಕ್ಕೆ ನಾನು ಹೋಗುವುದಿಲ್ಲ. 2014ರಲ್ಲಿ ಡೆಬಿಯನ್‌ನಲ್ಲಿ ಆ ಕುರಿತು ಆದಷ್ಟು ಮಾತು ಸಾಕು. ಬೂಟ್ ವೇಗದ ಬಗ್ಗೆಯೂ ನನಗೆ ಅಷ್ಟು ಆಸಕ್ತಿ ಇಲ್ಲ. ದೊಡ್ಡ ಸರ್ವರ್‌ಗಳಲ್ಲಿ ಫರ್ಮ್‌ವೇರ್ ತನ್ನ ಪೂಜೆ ಮುಗಿಸುವಷ್ಟರಲ್ಲಿ ಕಾಫಿ ಕುಡಿದು ಬರಬಹುದು, ಇನಿಟ್ ಉಳಿಸುವ ಎರಡು ಸೆಕೆಂಡು ಯಾರಿಗೆ ಬೇಕು? ಚಿಕ್ಕ ವರ್ಚುವಲ್ ಮೆಷಿನ್‌ಗಳ ಮಾತು ಬೇರೆ. ಅಂಥ ಕಡೆ ಫ್ರೀಬಿಎಸ್‌ಡಿ ಓಡಿಸುವಾಗ, ಕರ್ನಲ್ ಶುರುವಿನಲ್ಲಿ ಒಂದು ಬಬಲ್ ಸಾರ್ಟ್ ಕೂತು ಸಮಯ ತಿನ್ನುತ್ತಿದ್ದುದನ್ನು ಕಾಲಿನ್ ಪರ್ಸಿವಲ್ ಹಿಡಿದು 2023ರಲ್ಲಿ ಬದಲಾಯಿಸಿದರು. ಕಾಲೇಜಿನಲ್ಲಿ ಕಲಿತ ಬಬಲ್ ಸಾರ್ಟ್ ಎಲ್ಲಿ ಬಳಕೆಯಲ್ಲಿದೆ ಎಂದು ಕೇಳುವವರಿಗೆ ಈಗ ಉತ್ತರ ಇದೆ.

ನನ್ನ ಪಟ್ಟಿಯ ಮೊದಲ ಸಾಲಿನಲ್ಲಿ ಇರುವುದು ಹೊಸದೇನಲ್ಲ. 2005ರಲ್ಲಿ, ಸೊಲಾರಿಸ್ ಎಂಬ ಯೂನಿಕ್ಸ್‌ನ 10ನೇ ಆವೃತ್ತಿಯಲ್ಲಿ, ಸರ್ವಿಸ್‌ಗಳನ್ನು ನೋಡಿಕೊಳ್ಳುವ ಎಸ್‌ಎಂಎಫ್ ಬಂತು. ಎಕ್ಸ್‌ಎಂಎಲ್‌ನಲ್ಲಿ ಸರ್ವಿಸ್ ಬರೆಯಬೇಕಾದ ಆ ಹಿಂಸೆಯನ್ನು ಯಾರೂ ನಕಲು ಮಾಡಬೇಕಿಲ್ಲ. ಆದರೆ ಅದರಲ್ಲಿ ‘ಎಸ್‌ವಿಸಿಎಸ್’ ಎಂಬ ಕಮಾಂಡ್ ಇದೆ. ಅದಕ್ಕೆ ಎಕ್ಸ್ ಎಂಬ ಆಯ್ಕೆ ಕೊಟ್ಟರೆ, ಓಡಬೇಕಾಗಿದ್ದು ಓಡದೆ ಇರುವ ಸರ್ವಿಸ್‌ಗಳನ್ನು ಮಾತ್ರ ತೋರಿಸುತ್ತದೆ. ಪ್ರತಿಯೊಂದಕ್ಕೂ ಅದರ ಸ್ಥಿತಿ ಏನು, ಯಾವಾಗಿನಿಂದ ಹಾಗಿದೆ, ಕಾರಣ ಏನು, ಯಾವ ಮ್ಯಾನ್ ಪೇಜ್ ನೋಡಬೇಕು, ಲಾಗ್ ಎಲ್ಲಿದೆ ಎಂದು ಸಾಲಾಗಿ ಹೇಳುತ್ತದೆ. ಇದರಿಂದಾಗಿ ಇನ್ನೆಷ್ಟು ಸರ್ವಿಸ್‌ಗಳು ನಿಂತಿವೆ ಎಂಬುದನ್ನೂ ಹೇಳುತ್ತದೆ. ಹತ್ತು ಸರ್ವಿಸ್ ಬಿದ್ದಿದ್ದರೆ ಮೂಲ ಯಾವುದು, ಅದನ್ನು ನಂಬಿ ಕೂತವು ಯಾವುವು ಎಂದು ಬಿಡಿಸಿ ಇಡುತ್ತದೆ.

ಸಿಸ್ಟಮ್‌ಡಿಯಲ್ಲಿ ಅದೇ ಪರಿಸ್ಥಿತಿಯಲ್ಲಿ ‘ಡಿಪೆಂಡೆನ್ಸಿ ಫೇಲ್ಡ್’ ಎಂಬ ಸಾಲು ಸಿಗುತ್ತದೆ. ಯಾವ ಡಿಪೆಂಡೆನ್ಸಿ ಎಂದು ನೀವೇ ಒಂದೊಂದಾಗಿ ಸ್ಟೇಟಸ್ ಕೇಳುತ್ತ, ಲಾಗ್ ಕೆದಕುತ್ತ ಮೇಲೆ ಹತ್ತಬೇಕು. ಬೇಕಾದ ಮಾಹಿತಿ ಎಲ್ಲ ಅದರ ಹತ್ತಿರವೇ ಇದೆ. ಯಾರು ಯಾರನ್ನು ಕಾಯುತ್ತಿದ್ದರು, ಯಾರು ಮೊದಲು ಬಿದ್ದರು, ಎಕ್ಸಿಟ್ ಕೋಡ್ ಎಷ್ಟು, ಎಷ್ಟು ಸಲ ಎಬ್ಬಿಸಲು ನೋಡಿತು, ಎಲ್ಲ. ಇಲ್ಲಿ ಕರ್ನಲ್ ಬದಲಾಗಬೇಕಿಲ್ಲ, ಡೀಮನ್ ಬರೆಯುವವರನ್ನು ಬೇಡಿಕೊಳ್ಳಬೇಕಿಲ್ಲ, ಯಾರ ಅಭ್ಯಾಸವೂ ಕೆಡುವುದಿಲ್ಲ. ಗೊತ್ತಿರುವುದನ್ನು ಒಂದು ಕಮಾಂಡಿನಲ್ಲಿ ಜೋಡಿಸಿ ಹೇಳಬೇಕು, ಅಷ್ಟೇ. ಡಿನಿಟ್, ಎಸ್6, ಓಪನ್‌ಆರ್‌ಸಿ ಯಾವುದಕ್ಕಾದರೂ ಕೈ ಹಾಕಬೇಕು ಎಂದುಕೊಂಡಿರುವ ಹುಡುಗ ಹುಡುಗಿಯರು ಯಾರಾದರೂ ಇದನ್ನು ಓದುತ್ತಿದ್ದರೆ, ಇಲ್ಲಿಂದ ಶುರು ಮಾಡಿ. ಸೊಲಾರಿಸ್‌ನಿಂದ ಕವಲೊಡೆದ ಇಲ್ಯೂಮೋಸ್‌ನ ಕೋಡ್ ತೆರೆದೇ ಇದೆ, ಎಸ್‌ವಿಸಿಎಸ್ ಈ ವಿವರಣೆಯನ್ನು ಹೇಗೆ ಜೋಡಿಸುತ್ತದೆ ಎಂದು ಅಲ್ಲೇ ಓದಬಹುದು.